ಟೈಫಾಯ್ಡ್ ಲಸಿಕೆಯ ಹರಿಕಾರ ಸರ್ ಆಲ್ಮ್‌ರಾತ್ ರೈಟ್

ದಿಂಡಿಗಲ್, ತೇನಿ ಮಾರ್ಗವಾಗಿ ಕಂಬಂ ಕಣಿವೆ ದಾಟಿ ಶಬರಿಮಲೆಗೆ ಹೋಗುವ ಯಾತ್ರಿಕರು, ಏಲಕ್ಕಿ ತೋಟದ ಕೂಲಿಗೆ ಘಟ್ಟ ಹತ್ತುವ ಕಾರ್ಮಿಕರು ಸಿಕ್ಕಲ್ಲಿ ನೀರು ಕುಡಿಯಬೇಕಾಗುತ್ತದೆ. ಟೈಫಾಯ್ಡ್ ಅಥವಾ ವಿಷಮಶೀತ ಜ್ವರ ಹರಡುವುದು ಕಲುಷಿತ ನೀರು, ಆಹಾರದಿಂದಲೇ. ಇದನ್ನು ಲಸಿಕೆಯಿಂದ ತಡೆಯಬಹುದು ಎಂದು ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬರು ಆಲ್ಮ್‌ರಾತ್ ರೈಟ್.

ರೈಟ್ ಹುಟ್ಟಿದ್ದು 1861ರ ಆಗಸ್ಟ್ 10ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. 1892ರಲ್ಲಿ ನೆಟ್ಲಿಯ ಸೇನಾ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಟೈಫಾಯ್ಡ್ ರೋಗಾಣುಗಳನ್ನು ಕಾಯಿಸಿ ಕೊಂದು ಅವುಗಳಿಂದಲೇ ಲಸಿಕೆ ತಯಾರಿಸಿ, 1896ರಲ್ಲಿ ಅದರ ವಿವರ ಪ್ರಕಟಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಫೈಫರ್ ಮತ್ತು ಕೋಲೆ ಕೂಡ ಇಂಥದೇ ಪ್ರಯೋಗ ನಡೆಸಿದ್ದರು. 1897ರಲ್ಲಿ ಮೇಡ್‌ಸ್ಟೋನ್ ಪಟ್ಟಣದಲ್ಲಿ ಟೈಫಾಯ್ಡ್ ಹಬ್ಬಿದಾಗ ಅಲ್ಲಿನ ಮಾನಸಿಕ ಆಸ್ಪತ್ರೆಯ 84 ಸಿಬ್ಬಂದಿ ಲಸಿಕೆ ಪಡೆದರು. ಅವರಲ್ಲಿ ಯಾರಿಗೂ ರೋಗ ಬರಲಿಲ್ಲ.

1898ರಲ್ಲಿ ಪ್ಲೇಗ್ ಆಯೋಗದ ಸದಸ್ಯರಾಗಿ ಭಾರತಕ್ಕೆ ಬಂದ ರೈಟ್, ಇಲ್ಲಿ ಸುಮಾರು 4,000 ಬ್ರಿಟಿಷ್ ಸೈನಿಕರಿಗೆ ಲಸಿಕೆ ಹಾಕಿದರು. ಆದರೆ ಲಸಿಕೆ ಹಾಕಿಸಿಕೊಂಡವರಿಗೆ ತೋಳುನೋವು, ಜ್ವರ ಬರುತ್ತಿದ್ದುದರಿಂದ ಅನೇಕರು ಹಿಂಜರಿದರು. 1899ರಲ್ಲಿ ಆರಂಭವಾದ ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧಕ್ಕೆ ಹೋದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರಲ್ಲಿ ಲಸಿಕೆ ಪಡೆದವರು ಸುಮಾರು 14,000 ಮಾತ್ರ. ಟೈಫಾಯ್ಡ್ ತಗುಲಿದವರು 57,000ಕ್ಕೂ ಹೆಚ್ಚು, ಸತ್ತವರು ಸುಮಾರು 9,000.

ರೈಟ್ ಹಟವಾದಿ. 1904ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಅಂಕಿಅಂಶ ಸಾಲದು ಎಂದಾಗ ಪತ್ರಿಕೆಯಲ್ಲೇ ವಾದಕ್ಕಿಳಿದರು. ಮುಂದೆ ವಿಲಿಯಂ ಲೀಶ್‌ಮನ್ ಸೈನಿಕರಲ್ಲಿ ವ್ಯವಸ್ಥಿತ ಪರೀಕ್ಷೆ ನಡೆಸಿ ಲಸಿಕೆಯ ಗುಣವನ್ನು ದೃಢಪಡಿಸಿದರು. ಮೊದಲ ಮಹಾಯುದ್ಧದಲ್ಲಿ ಬಹುತೇಕ ಬ್ರಿಟಿಷ್ ಸೈನಿಕರು ಲಸಿಕೆ ಪಡೆದರು, ಟೈಫಾಯ್ಡ್ ಸಾವು ಬಹಳಷ್ಟು ಇಳಿಯಿತು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಕೆಲಸ ಮಾಡಿದ್ದು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿದ್ದ ರೈಟ್ ಅವರ ವಿಭಾಗದಲ್ಲೇ. ರೈಟ್ 1947ರ ಏಪ್ರಿಲ್ 30ರಂದು ನಿಧನರಾದರು.

ಅವರ ಹಳೆಯ ಲಸಿಕೆಯ ಜಾಗದಲ್ಲಿ ಈಗ ಅಡ್ಡಪರಿಣಾಮ ಕಡಿಮೆ ಇರುವ ಲಸಿಕೆಗಳಿವೆ. ವಿಐ ಪಾಲಿಸ್ಯಾಕರೈಡ್ ಲಸಿಕೆಯನ್ನು ಎರಡು ವರ್ಷ ತುಂಬಿದವರಿಗೆ ಕೊಡಬಹುದು. ರಕ್ಷಣೆ ಮುಂದುವರಿಯಲು ಮೂರು ವರ್ಷಕ್ಕೊಮ್ಮೆ ಮತ್ತೆ ಪಡೆಯಬೇಕು. ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳ ಮಗುವಿಗೂ ಹಾಕಬಹುದು, ಒಂದೇ ಡೋಸು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಇಂಥ ಲಸಿಕೆಗೆ 2017ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು.

ಯಾತ್ರೆಗೆ ಹೊರಡುವ ಕನಿಷ್ಠ ಎರಡು ವಾರ ಮೊದಲೇ ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಲಸಿಕೆ ಪೂರ್ಣ ರಕ್ಷಣೆ ಕೊಡುವುದಿಲ್ಲ. ಹಾಗಾಗಿ ಕುದಿಸಿದ ನೀರು, ಬಿಸಿ ಊಟ, ಸೋಪಿನಿಂದ ಕೈತೊಳೆಯುವುದನ್ನು ಬಿಡಬಾರದು. ಮೂರು ದಿನವಾದರೂ ಜ್ವರ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.