ಉಸಿರನ್ನು ತೂಗಿದವನು

ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಬಸಿದು, ಕೊಳವೆಯಿಂದ ಅದರೊಳಗೆ ಉಸಿರನ್ನು ಊದಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಲಕ್ಷ್ಮೇಶ್ವರದಲ್ಲಾಗಲಿ ಮುಂಡರಗಿಯಲ್ಲಾಗಲಿ, ಸುಣ್ಣದ ಡಬ್ಬಿಯಿರುವ ಯಾವ ಮನೆಯಲ್ಲಾದರೂ ಈ ಪರೀಕ್ಷೆ ನಡೆದೀತು. ಉಸಿರಿನೊಳಗಿನ ಒಂದು ಅನಿಲವೇ ಇದಕ್ಕೆ ಕಾರಣವೆಂದು 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು ಕಂಡುಕೊಂಡನು. ಆದರೆ ಉಸಿರಿನ ಜಮಾಖರ್ಚನ್ನು ಪೂರ್ತಿಯಾಗಿ ತೂಗಿ ನೋಡಲು ಹೊರಟವನು ಫ್ರಾನ್ಸಿನ ಆಂಟ್ವಾನ್ ಲವಾಸಿಯೆ. ಆತನ ಬಾಳು ನನ್ನನ್ನು ಬಹುಕಾಲದಿಂದ ಕಾಡುತ್ತ ಬಂದಿದೆ.

1743ರ ಆಗಸ್ಟ್ 26ರಂದು ಪ್ಯಾರಿಸಿನಲ್ಲಿ ಹುಟ್ಟಿದ ಆತನು ಎಳೆವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಓದಿದ್ದು ಕಾಯಿದೆ, ಒಲಿದದ್ದು ವಿಜ್ಞಾನ. 1768ರಲ್ಲಿ ಆತನಿಗೆ ಎರಡು ಬಾಗಿಲುಗಳು ತೆರೆದವು. ಒಂದು, ವಿಜ್ಞಾನ ಅಕಾಡೆಮಿಯದು. ಇನ್ನೊಂದು, ಅರಸನ ಪರವಾಗಿ ತೆರಿಗೆ ಎತ್ತುವ ಗುತ್ತಿಗೆದಾರರ ಕೂಟದ್ದು. ಎರಡನೆಯದರ ಹಣದಿಂದ ಮೊದಲನೆಯದರ ಉಪಕರಣಗಳು ಬಂದವು. ಖಾತೆಪುಸ್ತಕದಲ್ಲಿ ಜಮೆಯೂ ಖರ್ಚೂ ತಾಳೆಯಾಗಬೇಕೆಂಬ ಹಟವನ್ನು ಆತನು ಪ್ರಯೋಗಶಾಲೆಗೂ ಕೊಂಡೊಯ್ದನೆಂದು ನನಗೆ ತೋರುತ್ತದೆ.

1780ರ ದಶಕದಲ್ಲಿ ಲಾಪ್ಲಾಸನ ಜೊತೆಗೂಡಿ ಆತನು ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿರಿಸಿದನು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು, ಅದು ಬಿಟ್ಟ ಉಸಿರಿನಲ್ಲಿ ಎಷ್ಟು ಇಂಗಾಲಾಮ್ಲ ಅನಿಲವಿತ್ತು ಎಂಬುದನ್ನು ಉರಿಯುವ ಇದ್ದಿಲಿನೊಡನೆ ಹೋಲಿಸಿದನು. ಉಸಿರಾಟವೆಂದರೆ ಜ್ವಾಲೆಯಿಲ್ಲದ ನಿಧಾನವಾದ ಉರಿ ಎಂಬ ನಿರ್ಣಯಕ್ಕೆ ಬಂದನು. ಆ ಉರಿ ಶ್ವಾಸಕೋಶದಲ್ಲಿದೆಯೆಂದು ಆತನು ಬಗೆದನು. ಅದು ಮೈಯ ಕಣಕಣದಲ್ಲಿಯೂ ನಡೆಯುವುದೆಂದು ಮುಂದಿನವರು ತಿಳಿದರು.

ಜನ ತುಂಬಿದ ಆಸ್ಪತ್ರೆಯ ಕೋಣೆಯ ಗಾಳಿಯನ್ನೂ ನಾಟಕಶಾಲೆಯ ಗಾಳಿಯನ್ನೂ ಆತನು ಪರೀಕ್ಷಿಸಿದನು. ಗದಗಿನ ಗರುಡ ಸದಾಶಿವರಾಯರ, ಶಿರಹಟ್ಟಿ ವೆಂಕೋಬರಾಯರ ನಾಟಕಗಳ ಕಥೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಕಿಕ್ಕಿರಿದ ಥೇಟರಿನ ಗಾಳಿ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

1789ರ ಸುಮಾರಿಗೆ ಸೆಗ್ಯಾಂ ಎಂಬ ಸಹಾಯಕನು ಮುಖವಾಡ ತೊಟ್ಟು ಉಸಿರಾಡಿದನು. ಲವಾಸಿಯೆಯ ಪತ್ನಿ ಮರೀ ಆನ್ ಈ ಪ್ರಯೋಗಗಳನ್ನು ಚಿತ್ರಿಸಿದಳು. ಬರಿಹೊಟ್ಟೆಯಲ್ಲಿ ಸುಮ್ಮನೆ ಕುಳಿತವನಿಗೆ ಗಂಟೆಗೆ ಸುಮಾರು 24 ಲೀಟರು ಆಮ್ಲಜನಕ ಸಾಕು. ದುಡಿಯುವವನಿಗೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಬೇಕು. ನಮ್ಮೂರ ಮಾತಿನಲ್ಲಿ ಹೇಳುವುದಾದರೆ, ಬೆಟಗೇರಿಯ ಮಗ್ಗದಲ್ಲಿ ಕೈಕಾಲಾಡಿಸುವ ನೇಕಾರನ ಉಸಿರು ಗಾದಿಗೆ ಒರಗಿದ ಸಾಹುಕಾರನ ಉಸಿರಿಗಿಂತ ದುಬಾರಿ. ಹೆಚ್ಚು ಉರಿಯುವವನಿಗೇ ಅನ್ನ ಕಡಿಮೆ ದೊರೆಯುವುದನ್ನು ಲವಾಸಿಯೆ ಕಂಡನು. ಹೊಸ ರಾಜ್ಯವ್ಯವಸ್ಥೆ ಇದನ್ನು ಸರಿಪಡಿಸೀತೆಂದು ಆಶಿಸಿದನು.

ಇಲ್ಲಿಯೇ ನನ್ನ ಮನಸ್ಸು ತೊಡಕಿಗೆ ಸಿಲುಕುತ್ತದೆ. ಕೂಲಿಕಾರನ ಉಸಿರಿನ ಬೆಲೆಯನ್ನು ಅರಿತವನೇ ಅವನ ಉಪ್ಪಿನ ಮೇಲೆ ತೆರಿಗೆ ಎತ್ತುವ ಕೂಟದಲ್ಲಿ ಪಾಲುಗಾರನಾಗಿದ್ದನು. ಸುಂಕ ತಪ್ಪಿಸುವವರನ್ನು ತಡೆಯಲು ಆ ಕೂಟವು ಪ್ಯಾರಿಸಿನ ಸುತ್ತ ಗೋಡೆ ಕಟ್ಟಿಸಿತು. ಆ ಯೋಜನೆ ಲವಾಸಿಯೆಯದೇ. ಅದು ನಗರಕ್ಕೆ ಬರುವ ಗಾಳಿಯನ್ನೇ ತಡೆಯಿತೆಂದು 1791ರಲ್ಲಿ ಮರಾ ತನ್ನ ಪತ್ರಿಕೆಯಲ್ಲಿ ದೂರಿದನು. ಉಸಿರನ್ನು ಅರಸಿದವನಿಗೆ ಊರಿನ ಉಸಿರು ಕಟ್ಟಿಸಿದ ಅಪವಾದ! 1794ರ ಮೇ 8ರಂದು ಮಾವನೂ ಸೇರಿದಂತೆ 28 ಮಂದಿ ಗುತ್ತಿಗೆದಾರರು ಗಿಲೊಟಿನ್ನಿಗೆ ಬಲಿಯಾದರು. ಲವಾಸಿಯೆಗೆ ಆಗ 50 ವರ್ಷ. ಆತನು ಪೂರ್ಣ ನಿರ್ದೋಷಿಯೆಂದು ನಾನು ಹೇಳಲಾರೆ; ಆ ದಂಡನೆ ನ್ಯಾಯವೆಂದೂ ಹೇಳಲಾರೆ.

ಆತನು ಹಿಡಿದ ಲೆಕ್ಕ ಮಾತ್ರ ನಿಲ್ಲಲಿಲ್ಲ. 1971ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳನ್ನು ಬೇರ್ಪಡಿಸಿ ಕಂಡರು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರ ಉಸಿರಿನಲ್ಲಿ ಅಸಿಟೋನು ಹೆಚ್ಚುತ್ತದೆ. ಕುಡಿದು ಗಾಡಿ ಓಡಿಸುವವನನ್ನು ಪೊಲೀಸರ ಊದುಕೊಳವೆ ಹಿಡಿದುಕೊಡುತ್ತದೆ. ರಕ್ತ ತೆಗೆಯದೆ ರೋಗವನ್ನು ಅರಿಯುವ ದಾರಿ ಇದು. ಅದು ದುಡಿಯುವವನ ಮನೆಯ ಬಾಗಿಲಿಗೆ ಅಗ್ಗದಲ್ಲಿ ಬಂದ ದಿನ, ಲವಾಸಿಯೆ ಬಿಟ್ಟುಹೋದ ಬಾಕಿ ಒಂದಿಷ್ಟು ತೀರೀತು.