ಕಾರನ್ನು ನೆಲಕ್ಕೆ ಅಂಟಿಸಿದ ಕಾಲಿನ್ ಚಾಪ್ಮನ್
ವಿಂಡ್ ಟನಲ್ ಪರೀಕ್ಷೆ ಎಂದರೆ ರೇಸ್ ಕಾರು ಗಾಳಿಯನ್ನು ಸುಲಭವಾಗಿ ಸೀಳುವಂತೆ ಮಾಡುವುದಷ್ಟೇ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಅರ್ಧ ಸತ್ಯ.

ಲೋಟಸ್ ಕಂಪನಿ ಕಟ್ಟಿದ ಇಂಗ್ಲೆಂಡಿನ ಕಾಲಿನ್ ಚಾಪ್ಮನ್ (1928–1982) ಅವರಿಗೆ, ತೂಕ ಹೆಚ್ಚಿಸದೆ ಕಾರನ್ನು ತಿರುವಿನಲ್ಲಿ ರಸ್ತೆಗೆ ಒತ್ತಿ ಹಿಡಿಯಬೇಕಿತ್ತು. 1970ರ ದಶಕದ ನಡುವೆ ಅವರ ತಂಡ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಂಡ್ ಟನಲ್‌ನಲ್ಲಿ ಪುಟ್ಟ ಮಾದರಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅಳತೆಗಳು ತಾಳೆಯಾಗಲಿಲ್ಲ. ನೋಡಿದರೆ, ಮಾದರಿಯ ಪಕ್ಕದ ಭಾಗಗಳು ಜೋತುಬಿದ್ದು ನೆಲಕ್ಕೆ ಹತ್ತಿರವಾಗಿದ್ದವು! ಆ ಇಕ್ಕಟ್ಟಿನಲ್ಲಿ ಗಾಳಿ ರಭಸದಿಂದ ನುಗ್ಗಿ, ಒತ್ತಡ ಕುಸಿದು, ಮಾದರಿ ಕೆಳಕ್ಕೆ ಎಳೆದುಕೊಳ್ಳುತ್ತಿತ್ತು. ಸಂದಿಗೆ ರಟ್ಟು ಅಂಟಿಸಿದಾಗ ಸೆಳೆತ ಇನ್ನೂ ಹೆಚ್ಚಿತು.

1978ರಲ್ಲಿ ಲೋಟಸ್ 79 ಓಡಿಸಿ ಮಾರಿಯೊ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ಆದರೆ ಸಂದಿ ಮುಚ್ಚುವ ಪಟ್ಟಿ ಸಿಕ್ಕಿಕೊಂಡರೆ ಹಿಡಿತ ಒಮ್ಮೆಲೇ ಮಾಯ, ಚಾಲಕನ ಜೀವಕ್ಕೇ ಸಂಚಕಾರ. 1983ರಿಂದ ಚಪ್ಪಟೆ ತಳ ಕಡ್ಡಾಯವಾಯಿತು. ಆ ಕಾರುಗಳು ರೇಸಿಗಿಳಿಯುವ ಮೊದಲೇ, 1982ರ ಡಿಸೆಂಬರ್‌ನಲ್ಲಿ, ಚಾಪ್ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54.