ಬೀಗ ತೆಗೆಸಿದ ಲೆಕ್ಕದ ಮೇಷ್ಟ್ರು



ಎತ್ತಿನ ಗಾಡಿಯಲ್ಲಿ ಗೊಬ್ಬರ ಹೇರಿದ್ದು ನಾವೆಲ್ಲ ನೋಡಿದ್ದೀವಿ. ಹುಲ್ಲು, ಕಬ್ಬು, ಜಾತ್ರೆಗೆ ಹೊರಟ ಜನ, ಇವನ್ನೂ ನೋಡಿದ್ದೀವಿ. ಆದರೆ ಗಾಡಿ ತುಂಬ ಪುಸ್ತಕ ಹೇರಿಕೊಂಡು ಎತ್ತುಗಳು ಊರೂರು ತಿರುಗಿದ್ದನ್ನು ಯಾರಾದರೂ ಕೇಳಿದ್ದೀರಾ? 1931ರಲ್ಲಿ ಈಗಿನ ತಮಿಳುನಾಡಿನ ಮನ್ನಾರ್‌ಗುಡಿ ಸೀಮೆಯಲ್ಲಿ ಅಂಥ ಒಂದು ಗಾಡಿ ಹೊರಟಿತು. ಆ ಗಾಡಿಯ ಕಥೆಯಲ್ಲಿ ಒಬ್ಬ ಲೆಕ್ಕದ ಮೇಷ್ಟ್ರು ಬರ್ತಾರೆ. ಅವರೇ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಹೆಸರಾದ ಡಾ. ಎಸ್. ಆರ್. ರಂಗನಾಥನ್. ಈ ಸಲದ ನಮ್ಮ ಗೋಡೆ ಪತ್ರಿಕೆಯಲ್ಲಿ ಅವರ ಜೀವನ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಂಗನಾಥನ್ ಹುಟ್ಟಿದ್ದು ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ. ಈಗ ಆ ಊರನ್ನು ಸೀರ್ಕಾಳಿ ಅಂತಾರೆ. ಅವರು ಹುಟ್ಟಿದ ವರ್ಷ 1892. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ಆಚರಿಸುತ್ತಾರೆ. ಎಸ್ ಅಂದ್ರೆ ಶಿಯಾಳಿ, ಆರ್ ಅಂದ್ರೆ ರಾಮಾಮೃತ. ಒಂದು ಊರಿನ ಹೆಸರು, ಇನ್ನೊಂದು ತಂದೆಯ ಹೆಸರು. ತಂದೆ ರಾಮಾಮೃತ ಅಯ್ಯರ್ ಜಮೀನಿದ್ದವರು, ಊರಿನವರಿಗೆ ರಾಮಾಯಣದ ಪ್ರವಚನ ಹೇಳುತ್ತಿದ್ದರು. ಹುಡುಗನಿಗೆ ಆರು ವರ್ಷ ಇರುವಾಗಲೇ ತಂದೆ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿ.

ಚಿಕ್ಕಂದಿನಲ್ಲಿ ರಂಗನಾಥನ್ ಅವರಿಗೆ ಉಗ್ಗು ಇತ್ತು. ಮಾತಾಡೋಕೆ ಕಷ್ಟಪಡುತ್ತಿದ್ದರು. ಆದರೂ ಅವರು ಆರಿಸಿಕೊಂಡದ್ದು ದಿನವೂ ನಿಂತು ಮಾತಾಡಬೇಕಾದ ಮೇಷ್ಟ್ರ ಕೆಲಸವನ್ನೇ! ಪ್ರಯತ್ನದಿಂದ ಆ ತೊಂದರೆಯನ್ನು ಬಹಳ ಮಟ್ಟಿಗೆ ಗೆದ್ದರು. ನಮ್ಮಲ್ಲಿ ಎದ್ದು ನಿಂತು ಪಾಠ ಓದೋಕೆ ಹೆದರುವವರು ಇದನ್ನು ನೆನಪಿಡಬೇಕು.

ಶಿಯಾಳಿಯಲ್ಲಿ ಹೈಸ್ಕೂಲು ಮುಗಿಸಿ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಪಾಸಾದರು. 1917ರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ! ಅಲ್ಲಿ ಗಣಿತ ಹೇಳಿಕೊಟ್ಟು, ಆಮೇಲೆ ಕೊಯಮತ್ತೂರಿನಲ್ಲೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಮೇಷ್ಟ್ರಾಗಿದ್ದರು.

ಬೇಡವೆಂದು ಹೊರಟವರು

1923ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲಕರು ಬೇಕೆಂದು ಅರ್ಜಿ ಕರೆಯಿತು. ಸುಮಾರು 900 ಅರ್ಜಿ ಬಂದವು. ಆದರೆ ಗ್ರಂಥಾಲಯದ ಕೆಲಸ ಕಲಿತವರು ಅವರಲ್ಲಿ ಒಬ್ಬರೂ ಇರಲಿಲ್ಲ. ರಂಗನಾಥನ್ ಅವರಿಗೂ ಗೊತ್ತಿರಲಿಲ್ಲ. ಸಂದರ್ಶನಕ್ಕೆ ಮುಂಚೆ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಒಂದು ಲೇಖನ ಓದಿಕೊಂಡು ಹೋಗಿದ್ದರಂತೆ. ಕೆಲಸ ಅವರಿಗೇ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿಕೊಂಡರು.

ಸೇರಿದ ಮೇಲೆ ಅವರಿಗೆ ಬೇಜಾರು ಶುರುವಾಯಿತು. ತರಗತಿಯಲ್ಲಿ ಹುಡುಗರ ನಡುವೆ ಇದ್ದವರಿಗೆ ಇಲ್ಲಿ ಮಾತಾಡಿಸಲು ಜನವೇ ಇಲ್ಲ. ಪುಸ್ತಕಗಳಿವೆ, ಓದುವವರು ಬರೋದಿಲ್ಲ. ಕೆಲವೇ ದಿನಗಳಲ್ಲಿ ತಮ್ಮನ್ನು ಪಾಠ ಹೇಳುವ ಕೆಲಸಕ್ಕೇ ವಾಪಸು ಕಳಿಸಿ ಎಂದು ಕೇಳಿಕೊಂಡರು. ಮೇಲಿನವರು ಜಾಣತನ ಮಾಡಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಬಂದ ಮೇಲೂ ಬೇಡವೆನಿಸಿದರೆ ಆಗ ನೋಡೋಣ ಎಂದು ಒಪ್ಪಿಸಿ ಹಡಗು ಹತ್ತಿಸಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಗ್ರಂಥಾಲಯ ಶಿಕ್ಷಣ ಪಡೆದರು. ಪುಸ್ತಕದ ಪಾಠ ಸಾಲದೆಂದು ಆ ದೇಶದ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಅಲ್ಲಿ ಪಂಡಿತರು ಮಾತ್ರ ಓದುತ್ತಿರಲಿಲ್ಲ. ಕೂಲಿ ಕೆಲಸದವರು, ಹೆಂಗಸರು, ಮಕ್ಕಳು ಎಲ್ಲರೂ ಬಂದು ಪುಸ್ತಕ ಒಯ್ಯುತ್ತಿದ್ದರು. ಅದನ್ನು ಕಂಡು ಅವರ ಮನಸ್ಸು ಬದಲಾಯಿತು. 1925ರಲ್ಲಿ ತಿರುಗಿ ಬಂದ ಮೇಲೆ ಮೇಷ್ಟ್ರ ಕೆಲಸ ಬೇಕೆಂದು ಅವರು ಕೇಳಲೇ ಇಲ್ಲ.

ಆಟದ ಸಾಮಾನು ಕೊಟ್ಟ ಉಪಾಯ

ಲಂಡನ್ನಿನ ಒಂದು ಅಂಗಡಿಯಲ್ಲಿ ಅವರು ಮೆಕ್ಯಾನೊ ಎಂಬ ಆಟದ ಸಾಮಾನು ನೋಡಿದರು. ತೂತಿರುವ ಕಬ್ಬಿಣದ ಪಟ್ಟಿಗಳು, ಚಕ್ರ, ನಟ್ಟು, ಬೋಲ್ಟು. ಇವನ್ನೇ ಒಂದು ಥರ ಜೋಡಿಸಿದರೆ ಸೇತುವೆ, ಇನ್ನೊಂದು ಥರ ಜೋಡಿಸಿದರೆ ಬಂಡಿ. ಇದನ್ನು ನೋಡಿದಾಗ, ಪುಸ್ತಕದ ವಿಷಯಗಳನ್ನೂ ಹೀಗೆ ತುಂಡುತುಂಡಾಗಿ ಇಟ್ಟುಕೊಂಡು ಬೇಕಾದಂತೆ ಯಾಕೆ ಜೋಡಿಸಬಾರದು ಎಂಬ ಯೋಚನೆ ಹೊಳೆಯಿತು.

ಒಂದು ಉದಾಹರಣೆ ನೋಡೋಣ. ತಂಜಾವೂರಿನ ಭತ್ತಕ್ಕೆ ಬರುವ ರೋಗದ ಬಗ್ಗೆ ಒಂದು ಪುಸ್ತಕ ಇದೆ ಅನ್ನಿ. ಅದರಲ್ಲಿ ಬೇಸಾಯ, ಭತ್ತ, ರೋಗ, ತಂಜಾವೂರು ಎಂಬ ತುಂಡುಗಳಿವೆ. ಒಂದೊಂದು ತುಂಡಿಗೂ ಒಂದೊಂದು ಗುರುತು ಕೊಟ್ಟು, ಗುರುತುಗಳ ನಡುವೆ ಎರಡು ಚುಕ್ಕಿಯ ಚಿಹ್ನೆ ಇಟ್ಟು ಜೋಡಿಸಿದರೆ ಆ ಪುಸ್ತಕ ಯಾವ ಕಪಾಟಿನಲ್ಲಿ, ಯಾವುದರ ಪಕ್ಕ ಕೂರಬೇಕೆಂದು ತಿಳಿಯುತ್ತದೆ. ಈ ಪದ್ಧತಿಗೆ ಕೋಲನ್ ವರ್ಗೀಕರಣ ಎಂದು ಹೆಸರು. 1933ರಲ್ಲಿ ಇದು ಪುಸ್ತಕವಾಗಿ ಹೊರಬಂತು. ಲೆಕ್ಕದ ಮೇಷ್ಟ್ರ ತಲೆ ನೋಡಿ, ಗ್ರಂಥಾಲಯಕ್ಕೂ ಸೂತ್ರ ಕಂಡುಹಿಡಿದರು!

ಐದು ಸೂತ್ರಗಳು

1931ರಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. ಅವುಗಳ ಸಾರವನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಪುಸ್ತಕ ಇರುವುದು ಬಳಸುವುದಕ್ಕೆ. ಓದುವವರು ಯಾರೇ ಆಗಲಿ, ಅವರಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದನ್ನು ಓದುವ ಒಬ್ಬರನ್ನು ಹುಡುಕಬೇಕು. ಓದುವವರ ಸಮಯ ಹಾಳಾಗಬಾರದು. ಗ್ರಂಥಾಲಯ ಬೆಳೆಯುವ ಮಗುವಿನಂತೆ, ಅದು ಬೆಳೆಯುತ್ತಾ ಹೋಗುತ್ತದೆ ಎಂದು ತಿಳಿದೇ ಏರ್ಪಾಡು ಮಾಡಬೇಕು.

ಇಷ್ಟೇನಾ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಹಿಂದಿನ ಕಾಲದಲ್ಲಿ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಕಟ್ಟುತ್ತಿದ್ದರು. ಕಳೆದುಹೋಗದಂತೆ ಕಾಯುವುದೇ ಮುಖ್ಯ, ಓದಿಸುವುದು ಆಮೇಲಿನ ಮಾತು. ಸರಪಳಿ ಹೋದ ಮೇಲೂ ಆ ಬುದ್ಧಿ ಹೋಗಿರಲಿಲ್ಲ. ರಂಗನಾಥನ್ ಇದನ್ನೇ ಎತ್ತಿ ತೋರಿಸಿದರು. ಗ್ರಂಥಾಲಯ ಊರ ಹೊರಗೆ ಇರಬಾರದು, ಜನ ಓಡಾಡುವ ಕಡೆ ಇರಬೇಕು. ಜನಕ್ಕೆ ಬಿಡುವಾದಾಗ ಬಾಗಿಲು ತೆರೆದಿರಬೇಕು. ಕಪಾಟು ಕೈಗೆಟುಕುವ ಎತ್ತರದಲ್ಲಿರಬೇಕು. ಓದುವವರು ತಾವೇ ಹೋಗಿ ಪುಸ್ತಕ ಮುಟ್ಟಿ ನೋಡಿ ಆರಿಸಿಕೊಳ್ಳಬೇಕು. ಓದು ಬಾರದವರಿಗೆ ಓದಿ ಹೇಳುವುದೂ ಗ್ರಂಥಾಲಯದ ಕೆಲಸವೇ ಎಂಬುದು ಅವರ ಅಭಿಪ್ರಾಯವಾಗಿತ್ತು.

ಮಾತಿನಂತೆ ನಡೆದರು. ಮದ್ರಾಸಿನ ತಮ್ಮ ಗ್ರಂಥಾಲಯವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ, ಭಾನುವಾರವೂ ತೆರೆದಿಡುವ ಪದ್ಧತಿ ತಂದರು. ತಾವೂ ದಿನಕ್ಕೆ ಹದಿಮೂರು ಗಂಟೆ ದುಡಿಯುತ್ತಿದ್ದರಂತೆ. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಶುರುವಾಯಿತು. ಮರುವರ್ಷವೇ ಗ್ರಂಥಪಾಲಕರಿಗೆ ತರಬೇತಿ ಶಾಲೆ ನಡೆಸಿದರು.

ಪುಸ್ತಕದ ಗಾಡಿ

ಪಟ್ಟಣದ ಮಾತಾಯಿತು. ಹಳ್ಳಿಯವರ ಗತಿ ಏನು? ಹಳ್ಳಿಹಳ್ಳಿಗೂ ಕಟ್ಟಡ ಕಟ್ಟಲು ದುಡ್ಡಿರಲಿಲ್ಲ. ಮನ್ನಾರ್‌ಗುಡಿಯಲ್ಲಿ ಎಸ್. ವಿ. ಕನಕಸಭೈ ಪಿಳ್ಳೈ ಎಂಬ ಧರ್ಮಿಷ್ಠರು ಇದಕ್ಕೆ ಒಂದು ದಾರಿ ಹುಡುಕಿದರು. ಎತ್ತಿನ ಗಾಡಿಯನ್ನೇ ಗ್ರಂಥಾಲಯ ಮಾಡಿಸಿದರು. 1931ರ ಅಕ್ಟೋಬರ್‌ನಲ್ಲಿ ಮೇಲವಾಸಲ್ ಎಂಬ ಹಳ್ಳಿಯಲ್ಲಿ ರಂಗನಾಥನ್ ಅದನ್ನು ಉದ್ಘಾಟಿಸಿದರು. ಗಾಡಿ ಊರಿಗೆ ಬಂದು ನಿಲ್ಲುವುದು, ಜನ ಪುಸ್ತಕ ತೆಗೆದುಕೊಳ್ಳುವುದು, ಮುಂದಿನ ಸುತ್ತಿನಲ್ಲಿ ಗಾಡಿ ಬಂದಾಗ ಅದನ್ನು ಕೊಟ್ಟು ಬೇರೆ ತೆಗೆದುಕೊಳ್ಳುವುದು, ಇದೇ ಅದರ ಕ್ರಮ. ಗ್ರಂಥಾಲಯಕ್ಕೆ ಜನ ಬರಲಾಗದಿದ್ದರೆ ಗ್ರಂಥಾಲಯವೇ ಜನರ ಹತ್ತಿರ ಹೋಗಬೇಕು, ಅಲ್ಲವೇ?

ಆದರೆ ದಾನಿಗಳ ಗಾಡಿ ಎಷ್ಟು ಊರು ಸುತ್ತೀತು? ಎಷ್ಟು ವರ್ಷ ಓಡೀತು? ಎತ್ತಿಗೆ ಮೇವು ಬೇಕು, ಗಾಡಿ ಹೊಡೆಯುವವನಿಗೆ ಕೂಲಿ ಬೇಕು, ಹಳೆಯ ಪುಸ್ತಕ ಹರಿದರೆ ಹೊಸದು ಬೇಕು. ಒಬ್ಬರ ಧರ್ಮದಿಂದ ನಡೆಯುವುದು ಅವರ ಕೈ ಸೋತಾಗ ನಿಂತುಹೋಗುತ್ತದೆ. ಆದ್ದರಿಂದ ಗ್ರಂಥಾಲಯಕ್ಕೆ ಒಂದು ಕಾನೂನು ಬೇಕು, ಅದಕ್ಕೆಂದೇ ಒಂದು ಸಣ್ಣ ಕರ ಇರಬೇಕು ಎಂದು ರಂಗನಾಥನ್ ಪಟ್ಟು ಹಿಡಿದರು. 1930ರಲ್ಲೇ ಬನಾರಸಿನ ಶಿಕ್ಷಣ ಸಮ್ಮೇಳನದಲ್ಲಿ ಕಾನೂನಿನ ಒಂದು ಮಾದರಿ ಬರೆದು ಮುಂದಿಟ್ಟಿದ್ದರು. ಅದು ಕೈಗೂಡಲು ಹದಿನೆಂಟು ವರ್ಷ ಕಾಯಬೇಕಾಯಿತು. 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಸ್ವತಂತ್ರ ಭಾರತದಲ್ಲಿ ಇಂಥ ಮೊದಲ ಕಾನೂನು ಅದು. ಮನೆ ತೆರಿಗೆಯ ಜತೆಗೆ ಸ್ವಲ್ಪ ಕರ, ಆ ಹಣ ನೋಡಿಕೊಳ್ಳಲು ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಜಿಲ್ಲೆಗೊಂದು ಕೇಂದ್ರ ಗ್ರಂಥಾಲಯ, ಅದರ ಕೆಳಗೆ ಊರುಗಳಲ್ಲಿ ಶಾಖೆಗಳು, ಹೀಗೆ ಏರ್ಪಾಡಾಯಿತು.

ನಮ್ಮ ನಾಡಿನಲ್ಲಿ

ಮದ್ರಾಸ್ ಬಿಟ್ಟ ಮೇಲೆ ಅವರು ಬನಾರಸ್ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಸೇವೆ ಮಾಡಿದರು. 1957ರಲ್ಲಿ ಪದ್ಮಶ್ರೀ ಬಂತು. ಕೊನೆಗೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ರಾಜ್ಯದ ಗ್ರಂಥಾಲಯ ಕಾನೂನನ್ನು ರೂಪಿಸುವುದರಲ್ಲೂ ಅವರ ಕೈ ಇತ್ತು. ಆಗ ರಾಜ್ಯದ ಹೆಸರು ಮೈಸೂರು. 1965ರ ಆ ಕಾನೂನು 1966ರ ನವೆಂಬರ್ 1ರಿಂದ ಜಾರಿಗೆ ಬಂತು. ನಮ್ಮ ಅಪ್ಪ ಪಂಚಾಯ್ತಿಗೆ ಮನೆ ಕಂದಾಯ ಕಟ್ಟಿದ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ನೋಡಿ. ಅಂದ್ರೆ ಪುಸ್ತಕದ ದುಡ್ಡನ್ನು ನಮ್ಮ ಮನೆಯವರೇ ಕೊಟ್ಟಿದ್ದಾರೆ. ಪಂಚಾಯ್ತಿ ಗ್ರಂಥಾಲಯಕ್ಕೆ ಹೋಗೋದಕ್ಕೆ ನಾವು ಯಾಕೆ ಸಂಕೋಚಪಡಬೇಕು?

ರಂಗನಾಥನ್ ಬಹಳ ಸರಳವಾಗಿ ಬದುಕಿದರು. ಉಳಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು 1950ರ ದಶಕದಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟು, ಪತ್ನಿ ಶಾರದಾ ಅವರ ಹೆಸರೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪೀಠ ಮಾಡಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 80 ವರ್ಷ. ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ.

ಒಂದು ವಿನಂತಿ

ಈ ಮಹನೀಯರ ಬಗ್ಗೆ ಓದಿದ ಮೇಲೆ ನನಗೆ ನಮ್ಮ ಶಾಲೆಯ ಬೀರು ನೆನಪಾಯಿತು. ಗಾಜಿನೊಳಗಿಂದ ಪುಸ್ತಕಗಳ ಬೆನ್ನು ಕಾಣುತ್ತೆ. ಹೆಸರು ಓದಿ ಓದಿ ನಮಗೆ ಬಾಯಿಪಾಠ ಆಗಿದೆ. ಒಳಗಿನ ಹಾಳೆ ಮಾತ್ರ ನಾವು ನೋಡಿಲ್ಲ. ಗುರುಗಳನ್ನು ದೂರುತ್ತಿಲ್ಲ. ಹುಡುಗರು ಹರಿದು ತಂದರೆ, ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ ತಾನೇ. ಆ ಹೆದರಿಕೆ ಹೋಗಿಸಬೇಕಾದವರು ನಾವು.

ಅದಕ್ಕೇ ಈ ಮಾತು. ತಿಂಗಳ ಮೊದಲ ಶನಿವಾರ, ಕೊನೆಯ ಪೀರಿಯಡ್ಡಿನಲ್ಲಿ ಬೀರು ತೆರೆದರೆ ಸಾಕು. ಒಂದು ದಪ್ಪ ನೋಟು ಬುಕ್ಕಿನಲ್ಲಿ ಹೆಸರು, ತರಗತಿ, ಪುಸ್ತಕ, ಒಯ್ದ ದಿನ, ತಂದ ದಿನ ಬರೆಯುತ್ತೇವೆ. ಬರೆಯುವ ಕೆಲಸ ತಿಂಗಳಿಗೆ ಇಬ್ಬರದು, ಸರದಿಯ ಮೇಲೆ. ಹರಿದ ಪುಸ್ತಕಕ್ಕೆ ಅಂಟು ಹಚ್ಚಿ ರಟ್ಟು ಹಾಕುವುದು ಕೈಕೆಲಸದ ಪೀರಿಯಡ್ಡಿನಲ್ಲಿ. ಓದಿ ಬಂದವರಲ್ಲಿ ಒಬ್ಬರು ಮುಂದಿನ ತಿಂಗಳು ಎದ್ದು ನಿಂತು ಐದು ನಿಮಿಷ ಆ ಪುಸ್ತಕದ ಕಥೆ ಹೇಳಬೇಕು. ಪುಸ್ತಕವನ್ನು ಹೊತ್ತಿಗೆ ಸರಿಯಾಗಿ ತರದವರಿಗೆ ಮುಂದಿನ ಸಲ ಪುಸ್ತಕ ಇಲ್ಲ. ಮೂರು ತಿಂಗಳು ಹೀಗೆ ನಡೆಸಿ ನೋಡೋಣ. ಒಂದು ಪುಸ್ತಕ ಕಳೆದರೂ ನಾವೆಲ್ಲ ಸೇರಿ ದುಡ್ಡು ಹಾಕಿ ತಂದುಕೊಡುತ್ತೇವೆ.

ಒಪ್ಪಿಗೆ ಇರುವ ಗೆಳೆಯ ಗೆಳತಿಯರು ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಹೆಸರು ಬರೆಯಿರಿ. ಗುರುಗಳು ದಯವಿಟ್ಟು ಒಂದು ಮಾತು ತಿಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.